ಮಾವ ಕಟ್ಟಿದ ಡಿಸೆಂಬರ್

ಮದರಾಸಿಗೆ ಚಳಿಗಾಲ ತರುತ್ತೇನೆಂದು ಹೊರಟ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಜೊತೆ ಕೂತು ಥರ್ಮೋಕೋಲ್ ಅಂಟಿಸಿದ್ದೇನೆ. ಅವರು ನನ್ನ ಸೋದರಮಾವ. ಹೆಸರು ಬೇಡ. ಬರೆದರೆ ಅವರಿದ್ದ ಪೋರೂರು ಬಡಾವಣೆಯ ಅರ್ಧ ಜನ "ಓಹೋ, ಅವರಾ!" ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಉಳಿದರ್ಧ ಜನ ಚಚ್ಚಿಕೊಂಡು ಮುಗಿಸಿದ್ದಾರೆ.

ಮಾವ ಜೀವಮಾನವಿಡೀ ಏಸಿ ಕಂಪನಿಯೊಂದರಲ್ಲಿ ದುಡಿದವರು. ಥಿಯೇಟರು, ಆಸ್ಪತ್ರೆ, ಮದುವೆ ಛತ್ರ, ಈ ಊರಿನಲ್ಲಿ ಅವರು ತಣ್ಣಗೆ ಮಾಡದ ಜಾಗವಿಲ್ಲ, ತಮ್ಮ ತಲೆಯೊಂದನ್ನು ಬಿಟ್ಟು! ರಿಟೈರಾದ ಮೇಲೂ ಯಾರ ಮನೆಗೆ ಹೋದರೂ ಮೊದಲು ಏಸಿಯ ಮುಂದೆ ಕೈಯೊಡ್ಡಿ "ಗ್ಯಾಸ್ ಕಮ್ಮಿ" ಎನ್ನುತ್ತಿದ್ದರು. ಕ್ಷೇಮಸಮಾಚಾರ ಆಮೇಲೆ. ಒಮ್ಮೆ ಪರಿಚಯದವರ ಮನೆಯಲ್ಲಿ ಸಾವಾಗಿತ್ತು. ಇಲ್ಲಿನ ಪದ್ಧತಿಯಂತೆ ದೇಹವನ್ನು ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮಾವ ಹಾರ ಹಾಕಿದರು, ಕೈಮುಗಿದರು, ಗಾಜಿನ ಮೇಲೆ ಅಂಗೈಯಿಟ್ಟರು. "ಗ್ಯಾಸ್ ಕಮ್ಮಿ" ಎಂದರು. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನಮ್ಮನ್ನು ನೋಡಿದರು. ಅವತ್ತು ನಾನು ನೆಂಟಸ್ತನ ಕಡಿದುಕೊಳ್ಳಬೇಕಿತ್ತು. ಕಡಿದುಕೊಳ್ಳಲಿಲ್ಲ, ಅನುಭವಿಸಿದೆ.

ಮೊಬೈಲಿಗೆ ಬರುವ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ ಅದು. ಆ ವರ್ಷ ಫೆಬ್ರವರಿಯಲ್ಲಿ ಅತ್ತೆಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಮನೆಗೆ ಬಂದರು, ಆದರೆ ಹಸಿವು ಮಾತ್ರ ಮನೆಗೆ ಬರಲಿಲ್ಲ. ಏನು ಕೊಟ್ಟರೂ "ಮಣ್ಣು ತಿಂದ ಹಾಗಿದೆ ಕಣ್ರೀ" ಎಂದು ತಟ್ಟೆ ಸರಿಸುತ್ತಿದ್ದರು. ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು "ಇಷ್ಟವಾದದ್ದೆಲ್ಲ ಕೊಡಿ ಸಾರ್" ಎಂದರಂತೆ. ಡಾಕ್ಟರು ಹಾಗೆ ಹೇಳಿದರೆ ಏನರ್ಥ ಎಂದು ನಿಮಗೂ ಗೊತ್ತು, ನಮಗೂ ಗೊತ್ತಿತ್ತು. ಅತ್ತೆಯ ತವರು ಮಾಗಡಿ. ಅವರು ಹೆಚ್ಚೇನೂ ಕೇಳಲಿಲ್ಲ. "ಸೊಗಡವರೆ ಇದ್ದಿದ್ರೆ, ಹಿತಕಿದ ಬೇಳೆ ಸಾರಲ್ಲಿ ಎರಡು ತುತ್ತು ಉಣ್ತಿದ್ನೇನೋ" ಎಂದು ಗೋಡೆಗೆ ಹೇಳಿದಂತೆ ಹೇಳಿ ಮಗ್ಗುಲಾದರು.

ಅವರೆಯ ಕಾಲ ಮುಗಿದಿತ್ತು. ಮತ್ತೆ ಬರುವುದು ಡಿಸೆಂಬರಿಗೆ. ಅಲ್ಲಿಯವರೆಗೆ ಅತ್ತೆ ಇರುತ್ತಾರೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

"ಫ್ರಿಜ್‌ನಲ್ಲಿಟ್ಟ ಕಾಳು ಊರಲ್ಲಿ ಯಾರ ಮನೇಲಾದ್ರೂ ಇರುತ್ತೆ ಮಾವ, ತರಿಸೋಣ" ಎಂದೆ.

"ಥೂ! ಸೊಗಡು ಫ್ರಿಜ್‌ನಲ್ಲಿ ನಿಲ್ಲುತ್ತೇನೋ? ಇಬ್ಬನಿ ಬೀಳ್ಬೇಕು, ಸಿಪ್ಪೆ ಅಂಟಂಟಾಗ್ಬೇಕು, ಸುಲಿದ ಬೆರಳು ಸಂಜೆವರೆಗೂ ಘಂ ಅನ್ಬೇಕು. ಅದಕ್ಕೆ ಬೇಕಾಗಿರೋದು ಎರಡೇ. ಚಳಿ, ಚಿಕ್ಕ ಹಗಲು. ಎರಡನ್ನೂ ನಾನು ಮಾಡ್ತೀನಿ, ಪಾರ್ತುಕೋ, ನೋಡ್ತಿರು!"

ಮರುವಾರ ಅವರ ಫ್ಲಾಟಿನ ಪಕ್ಕದ ಖಾಲಿ ಸೈಟಿಗೆ ಟ್ರಾಕ್ಟರೊಂದು ತುಕ್ಕುಹಿಡಿದ ಟ್ರೇಲರನ್ನು ಎಳೆದುಕೊಂಡು ಬಂತು. ಕಟ್ಟಡ ಕಟ್ಟುವ ಕಡೆ ಇಂಜಿನಿಯರುಗಳು ಆಫೀಸು ಮಾಡಿಕೊಳ್ಳುವಂಥದ್ದು, ಚಕ್ರದ ಮೇಲಿನ ತಗಡಿನ ಕೋಣೆ. ಹಳೆಯ ಗೆಳೆಯರೊಬ್ಬರ ಬಳಿ ಬೇಡಿ ತಂದಿದ್ದರು. ಒಳಗೆಲ್ಲ ಥರ್ಮೋಕೋಲ್, ಕಿಟಕಿಗೆ ಕಪ್ಪು ಪರದೆ, ಎರಡು ಹಳೆ ಏಸಿ, ಸಾಲು ಸಾಲು ಕುಂಡ, ಬಿಸಿಲಿಗೆ ಬದಲು ಹ್ಯಾಲೋಜನ್ ದೀಪ. ದೀಪ ಕೋಣೆಯನ್ನು ಸುಡುತ್ತಿತ್ತು, ಏಸಿ ಅದನ್ನು ತಣಿಸುತ್ತಿತ್ತು. ಇಬ್ಬರ ಜಗಳದಲ್ಲಿ ಬಡವಾದದ್ದು ಇಡೀ ಫ್ಲಾಟ್ಸಿನ ಕರೆಂಟು. ಮೊದಲ ಸಂಜೆಯೇ, ಟೀವಿ ಸೀರಿಯಲ್ಲಿನ ಸೊಸೆ ತನ್ನ ಅತ್ತೆಗೆ ಎದುರುತ್ತರ ಕೊಡಲು ಬಾಯಿ ತೆರೆದ ಹೊತ್ತಿಗೆ ಫ್ಯೂಸು ಹಾರಿತು. ಅಸೋಸಿಯೇಷನ್ ಸೆಕ್ರೆಟರಿ ಲುಂಗಿಯಲ್ಲೇ ಓಡಿಬಂದರು.

"ಎನ್ನ ಸಾರ್ ಇದು?"

"ತೋಟ."

"ತೋಟತ್ತುಕ್ಕು ಚಕ್ರಮಾ?"

"ನೀವು ಓಡಿಸ್ತೀರಾಂತ ಗೊತ್ತಿತ್ತು. ಅದಕ್ಕೇ ಚಕ್ರ ಇರೋದನ್ನೇ ತಂದೆ."

ಅತ್ತೆ ಮೊದಲ ಮಹಡಿಯ ಕಿಟಕಿಯಿಂದ ನೋಡಿ ಹಣೆ ಹಿಡಿದುಕೊಂಡರು. "ಆ ಡಬ್ಬಿಗೆ ನಾನು ಕಾಲಿಡಲ್ಲ" ಎಂದು ಶಪಥ ಮಾಡಿದರು. ಬಳೆ ಮೊಣಕೈವರೆಗೆ ಜಾರುವಷ್ಟು ಅವರ ತೋಳು ಸಣ್ಣದಾಗುತ್ತ ಬಂದಿತ್ತು. ಮಾವ ದಿನವೂ ತಟ್ಟೆ ಹಿಡಿದು ಹೋಗುವುದು, ಹಾಗೆಯೇ ಹಿಡಿದು ಬರುವುದು, ನೇರ ಟ್ರೇಲರಿಗೆ ನುಗ್ಗುವುದು. ನಾನು ಪ್ರತಿ ಭಾನುವಾರ ಮೈಲಾಪುರದಿಂದ ಬಸ್ಸು ಹಿಡಿದು ಬಂದು, ಈ ಹುಚ್ಚನ್ನು ನಿಲ್ಲಿಸಬೇಕೆಂದುಕೊಂಡೇ ಕುಂಡಗಳಿಗೆ ನೀರು ಹಾಕುತ್ತಿದ್ದೆ.

ಆಶ್ಚರ್ಯವೆಂದರೆ ಬಳ್ಳಿ ಹಬ್ಬಿತು, ಹೂ ಬಿಟ್ಟಿತು! ಎಳೆಗಾಯಿ ಕಚ್ಚಿದ ವಾರ ಪೊಲೀಸರು ಬಂದರು. ಬರದೇ ಇರುತ್ತಾರೆಯೇ? ಕಿಟಕಿಯಿಲ್ಲದಂತಿರುವ ಟ್ರೇಲರು, ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು, ಬಾಗಿಲ ಸಂದಿಯಲ್ಲಿ ಬೆಳಕು, ಒಳಗೆ ಗಿಡ. ಯಾರೋ ಪುಣ್ಯಾತ್ಮರು ಗಾಂಜಾ ಎಂದು ದೂರು ಕೊಟ್ಟಿದ್ದರು.

"ಎನ್ನ ಚೆಡಿ ಸಾರ್?" ಇನ್ಸ್‌ಪೆಕ್ಟರು ಲಾಠಿಯಿಂದ ಎಲೆ ಎತ್ತಿ ಯಾವ ಗಿಡವೆಂದು ಕೇಳಿದರು.

"ಅವರೈ ಸಾರ್. ಅವರೈಕ್ಕಾಯ್."

"ಅವರೈಕ್ಕಾಯ್ಕು ಏಸಿಯಾ?" ಗಾಂಜಾ ಎಂದಿದ್ದರೆ ಅವರು ನಂಬುತ್ತಿದ್ದರು. ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿರುವ ತರಕಾರಿಗೆ ಏಸಿ ಎಂದರೆ ಹೇಗೆ ನಂಬುವುದು? ಕಾನ್‌ಸ್ಟೇಬಲನನ್ನು ಕರೆದು ಮೂಸಿ ನೋಡೆಂದರು. ಆತ ಎಲೆ ಮೂಸಿದ, ಹೂ ಮೂಸಿದ, ಕಾಯಿಯನ್ನು ಉಜ್ಜಿ ಉಜ್ಜಿ ಮೂಸಿದ.

"ಒರು ವಾಸನೈಯುಂ ಇಲ್ಲೆ ಸಾರ್."

ಪೊಲೀಸರು ನೆಮ್ಮದಿಯಾಗಿ ಜೀಪು ಹತ್ತಿದರು. ಮಾವ ಕುಂಡದ ಅಂಚಿನಲ್ಲಿ ಕುಸಿದು ಕೂತರು. "ಕೇಳಿದ್ಯೇನೋ? ಒಂದು ವಾಸನೆಯೂ ಇಲ್ವಂತೆ!" ಅರೆಸ್ಟಾಗಿದ್ದರೂ ಅವರ ಮುಖ ಅಷ್ಟು ಬಾಡುತ್ತಿರಲಿಲ್ಲ.

ಇಬ್ಬನಿ ಸಾಲದು ಎಂದು ತೀರ್ಮಾನವಾಯಿತು. ಮಂಜುಗಡ್ಡೆಯ ಮೇಲೆ ಫ್ಯಾನು ಬೀಸಿದರೆ ಇಬ್ಬನಿ! ಆಟೋದಲ್ಲಿ ಗೋಣಿಚೀಲ ಸುತ್ತಿದ ದೊಡ್ಡ ದೊಡ್ಡ ಐಸ್ ಗಡ್ಡೆಗಳು ಬಂದವು. ಎಲ್ಲಿಂದ ಎಂದು ನಾವು ಕೇಳಲಿಲ್ಲ. ಮೂರು ತಲೆಮಾರಿನಿಂದ ಈರುಳ್ಳಿಗೂ ಹಿಂದೆಮುಂದೆ ನೋಡಿದ ಮನೆತನ ನಮ್ಮದು, ನಮಗೇನು ಗೊತ್ತು ಮದರಾಸಿನಲ್ಲಿ ಅಷ್ಟು ಐಸು ಇರುವುದು ಮೀನಿನ ಅಂಗಡಿಯಲ್ಲಿ ಎಂದು! ಫ್ಯಾನು ಹಾಕಿದ ಕೂಡಲೇ ಮೀನಿನ ವಾಸನೆ ಟ್ರೇಲರ್ ತುಂಬಿ, ಬಾಗಿಲು ದಾಟಿ ಮೇಲೇರಿತು. ಮಹಡಿಯ ಕಿಟಕಿ ಧಡಾರನೆ ತೆರೆಯಿತು.

"ರೀ! ಏನ್ರೀ ಅದು, ಮೀನಿನ ವಾಸನೆ?"

ನಾನು ನಾಚಿಕೆಯಿಂದ ಭೂಮಿಗಿಳಿದೆ. ಮಾವ ಮಾತ್ರ ಅಂಗಳದಲ್ಲಿ ಕುಣಿದರು. "ವಾಸನೆ ಬಂತಂತೆ ಕಣೋ! ಅವಳಿಗೆ ವಾಸನೆ ಬಂತಂತೆ!" ಎರಡು ತಿಂಗಳಿಂದ ಏನೂ ಹಿಡಿಯದ ಮೂಗು ಹಿಡಿದದ್ದು ಇದನ್ನು. ಸೆಕ್ರೆಟರಿಗೆ ಇದನ್ನು ಹೇಗೆ ವಿವರಿಸುವುದು, ನೀವೇ ಹೇಳಿ.

ಮೇ ತಿಂಗಳ ಕೊನೆಗೆ, ಹೊರಗೆ ಟಾರು ಕರಗುವ ಬಿಸಿಲಿನಲ್ಲಿ, ಕಾಯಿ ಬಲಿಯಿತು. ಮಾವ ಮೊದಲ ಕಾಯಿ ಸುಲಿದರು. ಬೆರಳು ಮೂಸಿದರು. ಇನ್ನೊಂದು ಸುಲಿದರು. ಆಮೇಲೆ ಕೈಯನ್ನು ನನ್ನ ಮೂಗಿಗೆ ಹಿಡಿದು "ನೀನು ನೋಡು" ಎಂದರು. ಥರ್ಮೋಕೋಲಿನ ಅಂಟಿನ ವಾಸನೆಯಿತ್ತು. ಸೊಗಡು ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ಹೋಯ್ತು ಕಣೋ" ಎಂದರು ಮಾವ. ಅಷ್ಟು ದೊಡ್ಡ ಬಾಯಿಯ ಮನುಷ್ಯ ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಾಗಿಲಲ್ಲಿ ಸದ್ದಾಯಿತು. ಅತ್ತೆ! ಗೋಡೆ ಹಿಡಿದು, ಮೆಟ್ಟಿಲಿಳಿದು, ಶಪಥ ಮುರಿದು ಬಂದಿದ್ದರು. ಬಳ್ಳಿಗಳನ್ನು ನೋಡಿದರು, ಗಂಡನ ಮುಖ ನೋಡಿದರು, ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಹೂವಿನ ಪಕ್ಕದ ಸ್ಟೂಲಿನಲ್ಲಿ ಕೂತು ಎರಡು ಕೈ ಉಜ್ಜಿಕೊಂಡರು.

"ಚಳಿ ಆಗ್ತಿದೆ ಕಣ್ರೀ. ನನ್ನ ಶಾಲು ತನ್ನಿ."

ಮದರಾಸಿಗೆ ಬಂದಂದಿನಿಂದ ಟ್ರಂಕಿನಲ್ಲೇ ಇದ್ದ ತವರಿನ ಕೆಂಪು ಶಾಲನ್ನು ನಾನು ಓಡಿಹೋಗಿ ತಂದೆ. ಅತ್ತೆ ಅದನ್ನು ಕಿವಿಯವರೆಗೂ ಹೊದ್ದುಕೊಂಡರು. ಆಮೇಲೆ ಹೇಳಿದರು, "ಬಿಸಿಯಾಗಿ ಏನಾದ್ರೂ ಇದ್ಯೇನ್ರೀ? ಹೊಟ್ಟೆ ಹಸೀತಿದೆ."

ಮಾವ ಬಿಸಿ ಅನ್ನಕ್ಕೆ ತೊವ್ವೆ ಕಲಸಿ ತಂದರು. ಸೊಗಡಿಲ್ಲ, ಅವರೆಯೂ ಇಲ್ಲ. ಅತ್ತೆ ತಟ್ಟೆ ಖಾಲಿ ಮಾಡಿದರು. ಅಂದಿನಿಂದ ಅವರ ಊಟ ಆ ಡಬ್ಬಿಯಲ್ಲೇ. ಶಾಲು ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಸೆಕ್ರೆಟರಿ ಒಂದು ಸಲ ಇಣುಕಿ ನೋಡಿ ಹೋದವರು ಕರೆಂಟಿನ ಮಾತೆತ್ತಲಿಲ್ಲ.

ಬರಲಿದ್ದ ಡಿಸೆಂಬರನ್ನು ಅತ್ತೆ ನೋಡಲಿಲ್ಲ. ದೀಪಾವಳಿ ಕಳೆದ ವಾರವೇ ಹೋದರು. ನೆಂಟರು ಬರುವವರೆಗೆಂದು ಗಾಜಿನ ಪೆಟ್ಟಿಗೆ ತಂದರು. ಮಾವ ಹತ್ತಿರ ಹೋಗಿ ಎಂದಿನಂತೆ ಗಾಜಿನ ಮೇಲೆ ಅಂಗೈಯಿಟ್ಟರು. ಅವರೇನು ಹೇಳುತ್ತಾರೋ ಎಂದು ನನ್ನ ಜೀವ ಬಾಯಿಗೆ ಬಂತು.

ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ತುಂಬಾ ತಣ್ಣಗಿದೆ ಕಣೋ. ಟ್ರೇಲರ್‌ಗೆ ಹೋಗಿ ಅವಳ ಶಾಲು ತಗೊಂಡು ಬಾ."