ಖಾಲಿ ಗಾಡಿ ಬರಬಾರದು

ಸುಗಲಾಬಾಯಿ: ಸೊಸಿನ್ನ ಕರ್ಕೊಂಡ ಬಾ ಅಂತ ಕಳಸಿದ್ರ ಆಡ ಕರ್ಕೊಂಡ ಬಂದೀಯಲ್ಲೋ! ಈ ಆರತಿ ಈಗ ಯಾರಿಗಿ ಬೆಳಗ್ಲಿ? ಆ ಗಡ್ಡದಾಕಿಗಿ ಬೆಳಗ್ಲೇನು?

ಲಿಂಗರಾಜ: ಅವ್ವ, ಆಡ ಅನಬ್ಯಾಡ. ಅದು ರಿಟರ್ನ್ ಲೋಡು.

(ಜಹೀರಾಬಾದಿನ ಓಣಿಯೊಂದರಲ್ಲಿ, ಸೋಮವಾರ ಸಂಜೆ, ಸುಗಲಾಬಾಯಿ ಆರತಿ ತಟ್ಟೆ ಹಿಡಿದು ಮನೆ ಮುಂದೆ ನಿಂತಿದ್ದಾರೆ. ಎದುರಿಗೆ ಮಗ ಲಿಂಗರಾಜನ ಸಣ್ಣ ಗೂಡ್ಸ್ ಗಾಡಿ. ಊರವರ ಬಾಯಲ್ಲಿ ಅದು ಛೋಟಾ ಹಾಥಿ. ಬಾಣಂತನಕ್ಕೆ ತವರೂರು ಕಲ್ಹೇರಿಗೆ ಹೋಗಿದ್ದ ಹೆಂಡತಿ ಭುವನೇಶ್ವರಿಯನ್ನೂ ಕೂಸನ್ನೂ ಅದರಲ್ಲಿ ಕರೆತರಬೇಕಾಗಿತ್ತು. ಆದರೆ ಲಿಂಗರಾಜ ಈಗ ಬರೀ ಗಾಡಿಯವನಲ್ಲ. ಭಾನುವಾರದ ತರಗತಿಗಳಿಗೆ ಹೋಗುತ್ತಾ ವಿಶ್ವವಿದ್ಯಾಲಯವೊಂದರ ‘ಸಾರಿಗೆ ಮತ್ತು ಸರಕು ನಿರ್ವಹಣೆ: ಒಂದು ಪರಿಚಯ’ ಓದುತ್ತಿದ್ದಾನೆ. ಇನ್ನೂ ಮೊದಲ ಪಾಠ ಮುಗಿದಿಲ್ಲ. ಮುಖದ ಮೇಲಿನ ಕಳೆ ಮಾತ್ರ ಪದವಿ ಮುಗಿಸಿದವನದು.)

ಸುಗಲಾಬಾಯಿ: ಲೋಡ ಇರ್ಲಿ. ನಿನ್ನ ಹೇಣ್ತಿ ಎಲ್ಲೆದಾಳ?

ಲಿಂಗರಾಜ: ಕಲ್ಹೇರದಾಗೇ ಅದಾಳ. ಏನೂ ಫಿಕರ್ ಇಲ್ಲ. ಎರಡನೇ ಟ್ರಿಪ್ಪಿಗಿ ಬರ್ತಾಳ.

ಸುಗಲಾಬಾಯಿ: ಎರಡನೇ ಟ್ರಿಪ್ಪೇನು? ಅಕಿ ಏನ್ ಉಸುಕೇನೋ, ಟ್ರಿಪ್ಪಿನ ಲೆಕ್ಕದಾಗ ಬರಾಕ?

ಲಿಂಗರಾಜ: ಇದಕ್ಕೇ ಅನ್ನೂದು, ಮನಶಾ ಓದಬೇಕಂತ. ಗಾಡಿ ಖಾಲಿ ಹೋಗಬಾರ್ದು, ಖಾಲಿ ಬರಬಾರ್ದು. ಮೊದಲ್ನೇ ಪಾಠದಾಗ ಮೊದಲ್ನೇ ಮಾತೇ ಅದು.

ಸುಗಲಾಬಾಯಿ: ಹೇಣ್ತಿ, ಮಗ ಕುಂತ ಗಾಡಿಗಿ ಖಾಲಿ ಅಂತಾರೇನು ನಿಮ್ಮ ಕ್ಲಾಸಿನ ಸಾರು?

ಲಿಂಗರಾಜ: ಮುಂದ ಖಾಲಿ ಅಲ್ಲ ಅವ್ವ. ಹಿಂದ ಜಾಗಾ ಉಳೀತದಲ್ಲ! ಅದು ನುಕ್ಸಾನ. ಮುಂಜಾನಿ ನೋಡು, ಹೋಗೂ ಮುಂದ ಸುಮ್ಕ ಹೋಗ್ಲಿಲ್ಲ. ದಾರಿ ಮ್ಯಾಲಿನ ನಾರಾಯಣಖೇಡಕ್ಕ ತಾಂಡೂರ ಫರಸಿ ಕಲ್ಲ ಹೇರ್ಕೊಂಡೇ ಹೋದೆ.

ಸುಗಲಾಬಾಯಿ: ಅದಕ್ಕೇನು ನಿಮ್ಮತ್ತಿ ಮತ್ತ ಮತ್ತ ಫೋನ್ ಮಾಡಾಕತ್ತಿದ್ದಳು! ಅಳಿಯಾ ನಾಷ್ಟಾಕ್ಕ ಬರ್ತಾನಂತ ಹೋಳಿಗಿ ಮಾಡಿ ಕುಂತಿದ್ದಳಪಾ. ಯಾವಾಗ ಮುಟ್ಟಿದಿ?

ಲಿಂಗರಾಜ: ಮಧ್ಯಾಹ್ನ ಇಳದ ಮ್ಯಾಲ. ಹೋಳಿಗಿ ಆರಿದ್ದವು. ಆದ್ರ ಫರಸಿ ಒಂದು ಸುದ್ದಾ ಒಡೀಲಿಲ್ಲ.

ಸುಗಲಾಬಾಯಿ: ಫರಸಿ ಗಟ್ಟಿ ಇರ್ತದ ಬಿಡು. ಸಂಸಾರ ಎಷ್ಟ ಗಟ್ಟಿ ಅದ ನೋಡಬೇಕು.

(ಗಾಡಿಯೊಳಗಿಂದ ಒಂದು ಆಡು ‘ಮ್ಯಾ’ ಎಂದಿತು. ಯಾರ ಪರವಾಗಿ ಎಂದು ತಿಳಿಯಲಿಲ್ಲ.)

ಸುಗಲಾಬಾಯಿ: ಹಿಂದ ಆಡ ತುಂಬಿದಿ, ಆತು. ಮುಂದ ನಿನ್ನ ಬಾಜೂಕ ಸೀಟ ಇತ್ತಲ್ಲ, ಅಕಿಗಿ ಅಲ್ಲಿ ಕೂಡ್ಸಾಕ ಏನ್ ಧಾಡಿ?

ಲಿಂಗರಾಜ: ಅಲ್ಲಿ ಕಿಷ್ಟಪ್ಪ ಕುಂತಿದ್ದ.

ಸುಗಲಾಬಾಯಿ: ಯಾವ ಕಿಷ್ಟಪ್ಪ?

ಲಿಂಗರಾಜ: ಆಡಿನ ಮಾಲಕ. ಜೀವ ಇರೋ ಮಾಲು ಹೇರಿದ್ರ ಮಾಲಕ ಸಂಗಾಟ ಇರಬೇಕು. ಅದು ಸುದ್ದಾ ಪಾಠದಾಗ ಅದ.

ಸುಗಲಾಬಾಯಿ: ನಿನ್ನ ಕೂಸಿಗಿ ಜೀವ ಇಲ್ಲೇನೋ? ಅದರ ಮಾಲಕ ಅದರ ಸಂಗಾಟ ಇರಬೇಕಂತ ಬರದಿಲ್ಲೇನು?

(ಲಿಂಗರಾಜ ತಲೆ ಕೆರೆದುಕೊಂಡ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಕೇಳುವವರನ್ನು ಅವನಿಗೆ ಮೊದಲಿನಿಂದಲೂ ಸಹಿಸಲಾಗುತ್ತಿರಲಿಲ್ಲ.)

ಲಿಂಗರಾಜ: ಕೂಸು ಮಾಲಿನ್ಯಾಗ ಬರಂಗಿಲ್ಲ ಅವ್ವ. ಅದು ಪ್ಯಾಸೆಂಜರ್. ಆ ಪಾಠ ಮುಂದಿನ ಐತಾರ ಅದ.

(ಸುಗಲಾಬಾಯಿ ಒಂದು ಕೈಯಿಂದ ಗಾಡಿಗೆ ಹೊದಿಸಿದ್ದ ತಾಡಪತ್ರೆ ಎತ್ತಿ ನೋಡಿದರು. ಆಡುಗಳ ನಡುವೆ ತವರಿನವರು ಮೊಮ್ಮಗನಿಗೆಂದು ಮಾಡಿಸಿಕೊಟ್ಟ ಹೊಸ ತೊಟ್ಟಿಲು ಇತ್ತು. ತೊಟ್ಟಿಲಲ್ಲಿ ಕಪ್ಪು ಮರಿಯೊಂದು ಕಾಲು ಮಡಚಿ, ಹಾಯಾಗಿ ಮಲಗಿತ್ತು.)

ಸುಗಲಾಬಾಯಿ: ಶಿವನೇ! ತೊಟ್ಟಿಲ ಬಂದದ, ಕೂಸ ಬಂದಿಲ್ಲ!

ಲಿಂಗರಾಜ: ಆದ್ರ ತೊಟ್ಟಿಲ ಸುದ್ದಾ ಖಾಲಿ ಬರ್ಲಿಲ್ಲ ನೋಡು.

ಸುಗಲಾಬಾಯಿ: ಹೌದಪಾ, ನಿಮ್ಮ ಸಾರಿಗಿ ಕರ್ಕೊಂಡ ಬಾ, ಜೋಗುಳ ಹಾಡ್ತಾರ. ಅಲ್ಲೋ, ಇಷ್ಟೆಲ್ಲಾ ಮಾಡಾಕತ್ತಾಗ ಅಕಿ ಏನೂ ಅನಲಿಲ್ಲೇನು?

ಲಿಂಗರಾಜ: ಎಲ್ಲಾ ಬಿಡಿಸಿ ಹೇಳ್ದೆ. ಕೇಳಿ ನಕ್ಕಳು. ‘ನೀವು ನಡೀರಿ, ನನ್ನ ಫಿಕರ್ ಮಾಡಬ್ಯಾಡ್ರಿ’ ಅಂದಳು. ತಿಳುವಳಿಕಿ ಇದ್ದಾಕಿ.

ಸುಗಲಾಬಾಯಿ: ನಕ್ಕಳೇನು? ಬೈದಿದ್ರ ಉಳೀತಿದ್ದಿ ಮಗಾ. ನಕ್ಕಳಂದ್ರ ಮುಗೀತು ನಿಂದು. ಅದಿರ್ಲಿ, ಆ ಎರಡನೇ ಟ್ರಿಪ್ ಯಾವಾಗ?

ಲಿಂಗರಾಜ: ನಾಳಿ ಮುಂಜಾನಿ.

ಸುಗಲಾಬಾಯಿ: ನಾಳಿ ಮಂಗಳಾರ. ಮಂಗಳಾರ ಮಗಳನ್ನ ತವರಿಂದ ಯಾರರೆ ಕಳಸ್ತಾರೇನು?

ಲಿಂಗರಾಜ: ಹಂಗಾದ್ರ ಬುಧವಾರ.

ಸುಗಲಾಬಾಯಿ: ಅಮಾಸಿ.

ಲಿಂಗರಾಜ: ಗುರುವಾರ?

ಸುಗಲಾಬಾಯಿ: ಆಷಾಢ ಹತ್ತತದ. ಇಡೀ ತಿಂಗಳ ಅವರು ಕಳಸಂಗಿಲ್ಲ, ನಾವು ಕರೀಯಂಗಿಲ್ಲ. ಇವತ್ತ ತಪ್ಪಿತಂದ್ರ ಶ್ರಾವಣಕ್ಕೇ ಬರೂದು. ಇದು ಯಾವ ಪಾಠದಾಗ ಅದ ಹೇಳು?

(ಲಿಂಗರಾಜನ ಮುಖ ಈಗ ಇಳಿಯಿತು. ಒಳಗೆ ಜಂತಿಗೆ ತೊಟ್ಟಿಲ ಕೊಂಡಿ ಹಾಕಿದವನು ಅವನೇ. ಗಟ್ಟಿ ಇದೆಯೋ ಇಲ್ಲವೋ ಎಂದು ತಾನೇ ಜೋತಾಡಿ, ಬಿದ್ದು, ಮತ್ತೆ ಹಾಕಿದ್ದ. ಕೂಸು ಮನೆಗೆ ಬರುತ್ತದೆಂದು ಅವನಿಗೆ ಆಗಿದ್ದ ಖುಷಿ ಅಷ್ಟಿಷ್ಟಲ್ಲ.)

ಲಿಂಗರಾಜ: ಅವ್ವ, ಮೊನ್ನಿ ಫೋನಿನ್ಯಾಗ ನನ್ನ ದನಿ ಕೇಳಿ ಕೂಸು ನಕ್ಕಿತ್ತ. ಇನ್ನೊಂದ ತಿಂಗಳಂದ್ರ ನನ್ನ ಗುರ್ತೇ ಮರೀತದ.

ಸುಗಲಾಬಾಯಿ: ಮರೀಯಂಗಿಲ್ಲ ಬಿಡು. ಆಡಿನ ವಾಸನಿ ಮ್ಯಾಲ ಗುರ್ತ ಹಿಡೀತದ.

ಲಿಂಗರಾಜ: ಚಾಷ್ಟಿ ಸಾಕು. ಈಗೇ ಹೋಗ್ತೀನಿ. ಜಲ್ದಿ ಹೋಗಿ ಇವತ್ತೇ ಕರ್ಕೊಂಡ ಬರ್ತೀನಿ.

ಸುಗಲಾಬಾಯಿ: ಹೋಗು. ಆಡ?

ಲಿಂಗರಾಜ: ಕಿಷ್ಟಪ್ಪ ಇಳಸ್ಕೊತಾನ.

ಸುಗಲಾಬಾಯಿ: ಕಿಷ್ಟಪ್ಪ ಎಲ್ಲಿ?

ಲಿಂಗರಾಜ: ಗಿರಾಕಿ ಕರ್ಕೊಂಡ ಬರ್ತೀನಂತ ಚೌಕಿನ್ಯಾಗ ಇಳದು ಹೋಗ್ಯಾನ. ಫೋನ್ ಹತ್ತವಲ್ದು.

ಸುಗಲಾಬಾಯಿ: ಭೇಷ್! ಜೀವ ಇರೋ ಮಾಲಿನ ಮಾಲಕ! ಹೇಣ್ತಿ ಸೀಟಿನ್ಯಾಗ ಕುಂತ ಬಂದು ಇಳದು ಹೋದ, ನೀ ಆಡ ಕಾಯ್ಕೋತ ನಿಂತಿ.

(ಹೀಗೆ ಹೇಳುತ್ತಾ ಸುಗಲಾಬಾಯಿ ತಟ್ಟೆಯನ್ನು ಗಾಡಿಯ ಹತ್ತಿರಕ್ಕೆ ತಂದದ್ದು ತಪ್ಪಾಯಿತು. ಗಡ್ಡದ ಆಡು ಕತ್ತು ಚಾಚಿ ಮೊದಲು ವೀಳ್ಯದೆಲೆ, ಆಮೇಲೆ ಹೂವು ತಿಂದಿತು.)

ಸುಗಲಾಬಾಯಿ: ಹಾಳಾಗಿ ಹೋಗಾ! ಆರತಿ ತಿಂತೋ!

ಲಿಂಗರಾಜ: ಹೊಡೀಬ್ಯಾಡ ಅವ್ವ! ಮಾಲಿಗಿ ಜಖಂ ಆದ್ರ ಜವಾಬ್ದಾರಿ ನಂದು!

ಸುಗಲಾಬಾಯಿ: ನಿನಗೇ ಹೊಡೀಬೇಕಾಗಿತ್ತು, ಕೈ ತಪ್ಪಿತು. ಅಕಿಗಿ ಫೋನರೆ ಮಾಡು, ಬರ್ತೀನಂತ ಹೇಳು.

(ಲಿಂಗರಾಜ ಹೆಂಡತಿಯ ನಂಬರು ಒತ್ತಿದ. ಫೋನು ಓಣಿಯ ತಿರುವಿನಲ್ಲಿ ರಿಂಗಣಿಸಿತು. ಅಲ್ಲಿ ಆಟೋದಿಂದ ಭುವನೇಶ್ವರಿ ಇಳಿಯುತ್ತಿದ್ದಳು. ಎದೆಗೆ ಕೂಸು, ಹೆಗಲಿಗೆ ಚೀಲ.)

ಭುವನೇಶ್ವರಿ: ಕೈಯಾಗ ಕೂಸದರಿ, ಎತ್ತಾಕ ಆಗಂಗಿಲ್ಲ. ಇಲ್ಲೇ ಬಂದೀನಿ, ಅದೇನ್ ಹೇಳ್ತೀರಿ ಹೇಳ್ರಿ.

ಲಿಂಗರಾಜ: ನೀ... ನೀ ಹ್ಯಾಂಗ ಬಂದಿ?

ಭುವನೇಶ್ವರಿ: ಬಸ್ಸಿನ್ಯಾಗ. ನಾಳಿ ಮಂಗಳಾರ ಅಂತ ನಮ್ಮಣ್ಣ ಬಸ್ಸ ಹತ್ತಿಸಿದ. ನಮ್ಮ ತೆಲಂಗಾಣದಾಗ ಹೆಣ್ಮಕ್ಕಳಿಗಿ ಬಸ್ಸ ಪುಕ್ಕಟ ಅದಲ್ರಿ, ನಿಮ್ಮ ಸಾರು ಹೇಳಿಲ್ಲೇನು? ಕೂಸ ನೋಡಿ ಕಂಡಕ್ಟರಮ್ಮ ಒಬ್ಬರಿಗಿ ಎಬ್ಬಿಸಿ ಸೀಟ ಕೊಟ್ಟಳು. ಯಾವ ಕೋರ್ಸ್ ಮಾಡ್ಯಾಳೋ ಏನೋ!

ಲಿಂಗರಾಜ: ಆದ್ರ ನಾ ಮೊದಲ ಹೊಂಟಿದ್ದೆ.

ಭುವನೇಶ್ವರಿ: ರಾಯಿಕೋಡದಾಗ ನೋಡಿದ್ವಿರಿ ನಿಮಗ. ರೋಡಿನ ಬಾಜೂಕ ನಿಂತು ಆಡಿಗಿ ತಪ್ಪಲ ತಿನ್ನಸಾಕತ್ತಿದ್ರಿ. ‘ನೋಡು ನಿಮ್ಮಪ್ಪ’ ಅಂತ ಕಿಡಕ್ಯಾಗಿಂದ ಕೂಸಿಗಿ ತೋರ್ಸ್ದೆ. ಅದು ಆಡಿಗಿ ಕೈ ಮಾಡ್ತು.

ಸುಗಲಾಬಾಯಿ: ಶಾಣ್ಯಾ ಅದ, ಅಜ್ಜಿ ಮ್ಯಾಲ ಹೋಗ್ಯಾದ. ಮತ್ತ ಇಷ್ಟೊತ್ತ ಎಲ್ಲಿದ್ದಿ ತಾಯಿ?

ಭುವನೇಶ್ವರಿ: ಬಸ್‌ಸ್ಟ್ಯಾಂಡಿನ್ಯಾಗ ಕುಂತು ಕೂಸಿಗಿ ಹಾಲ ಕುಡಿಸಿ ಬಂದೆ ಅತ್ತಿ. ಮೊದಲ ಬಂದ ಲೋಡಿಗಿ ಆರತಿ ಆಗ್ಲಿ ಅಂತ.

(ತಾಡಪತ್ರೆ ಸರಿದಿತ್ತು. ಭುವನೇಶ್ವರಿ ತೊಟ್ಟಿಲನ್ನೂ ಅದರೊಳಗಿನ ಮರಿಯನ್ನೂ ನೋಡಿದಳು.)

ಭುವನೇಶ್ವರಿ: ಇದಕ್ಕ ಹೆಸರ ಇಟ್ಟೀರೇನ್ರಿ?

ಲಿಂಗರಾಜ: ತಪ್ಪಾತು ಭುವನಾ. ಕೂಸಿಗಿ ಇತ್ತ ಕೊಡು.

ಭುವನೇಶ್ವರಿ: ಮೊದಲ ಮರಿಗಿ ಎತ್ತಿ ಇಳಸ್ರಿ. ತೊಟ್ಟಿಲ ತೊಳೀರಿ. ಕೈ ತೊಳೀರಿ. ಆಮ್ಯಾಲ ನೋಡೂಣು.

(ಸುಗಲಾಬಾಯಿ ಒಳಗೆ ಹೋಗಿ ಬೇರೆ ಆರತಿ ತಂದರು. ಭುವನೇಶ್ವರಿ ಕೂಸನ್ನೆತ್ತಿಕೊಂಡು ಹೊಸ್ತಿಲ ಮುಂದೆ ನಿಂತಳು. ಲಿಂಗರಾಜ ಅಂಗಿಯ ಮೇಲಿನ ಆಡಿನ ಕೂದಲು ಕೊಡವಿಕೊಂಡು, ಏನೂ ಆಗಿಲ್ಲವೆನ್ನುವಂತೆ ಬಂದು ಅವಳ ಪಕ್ಕ ನಿಂತ.)

ಭುವನೇಶ್ವರಿ: ನೀವ್ ಎತ್ತ ಬರ್ತೀರಿ?

ಲಿಂಗರಾಜ: ಗಂಡ ಹೇಣ್ತಿ ಕೂಡೇ ಒಳಗ ಹೋಗಬೇಕಲ್ಲ?

ಸುಗಲಾಬಾಯಿ: ಆಡ ಬಿಟ್ಟು ಬರ್ತೀಯೇನೋ? ಜೀವ ಇರೋ ಮಾಲಿನ ಸಂಗಾಟ ಯಾರರೆ ಇರಬೇಕಲ್ಲ!

ಭುವನೇಶ್ವರಿ: ಜಾಗಾ ಸುದ್ದಾ ಇಲ್ರಿ. ನಾ ಇದೀನಿ, ಕೂಸದ, ಚೀಲ ಅದ. ಈ ಟ್ರಿಪ್ ಫುಲ್ ಆತು. ನೀವು ಎರಡನೇ ಟ್ರಿಪ್ಪಿಗಿ ಬರ್ರಿ.

(ಹೇಳಿ ನಕ್ಕಳು. ಮಧ್ಯಾಹ್ನ ಕಲ್ಹೇರಿನಲ್ಲಿ ನಕ್ಕಿದ್ದ ನಗುವೇ. ಈ ಸಲ ಲಿಂಗರಾಜನಿಗೆ ಅರ್ಥವಾಯಿತು. ಆರತಿ ಆಯಿತು, ಅತ್ತೆ ಸೊಸೆ ಒಳಗೆ ಹೋದರು, ಬಾಗಿಲು ಮುಚ್ಚಿತು.)

ಲಿಂಗರಾಜ: (ಬಾಗಿಲು ಬಡಿಯುತ್ತಾ) ಅವ್ವ! ಎರಡನೇ ಟ್ರಿಪ್ ಯಾವಾಗ?

ಸುಗಲಾಬಾಯಿ: (ಒಳಗಿಂದ) ನಾಳಿ ಮಂಗಳಾರ. ನಾಡದು ಅಮಾಸಿ. ಆಷಾಢ ಕಳೀಲಿ ಮಗಾ, ಶ್ರಾವಣದಾಗ ನೋಡೂಣು!