ಕಮಾನು ಗಾಡಿಯ ಬೂಷ್ಟು

ಅತಿಯಾಗಿ ಜೋಪಾನ ಮಾಡಿದ ವಸ್ತುವೇ ಬೇಗ ಹಾಳಾಗುವುದೇಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎಲ್ಲೆಂದರಲ್ಲಿ ಬಿಸಾಡುವ ನನ್ನ ಕೊಡೆ ಎಷ್ಟೋ ಮಳೆಗಾಲ ಕಂಡು ಗಟ್ಟಿಮುಟ್ಟಾಗಿದೆ. ಮದುವೆಯಲ್ಲಿ ಮಾವನವರು ಕೊಟ್ಟ ಜರಿ ಪೇಟವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿದ್ದೆ. ಅದು ಜಿರಲೆಗಳ ಪಾಲಾಯಿತು. ಇಷ್ಟಾದರೂ ಬುದ್ಧಿ ಬಾರದೆ, ಒಂದು ವರ್ಷ ನಮ್ಮ ಕಮಾನು ಗಾಡಿಯನ್ನೂ ಜೋಪಾನ ಮಾಡಲು ಹೊರಟೆ.

ಆಗ ನಾನು ಶಿಡ್ಲಘಟ್ಟದಲ್ಲಿ ಸ್ಕೂಲ್ ಮೇಷ್ಟ್ರು. ನನ್ನ ಹೆಂಡತಿ ಪುಟ್ಟಮ್ಮ ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತಿದ್ದಳು. ಬೆಳೆ ಚೆನ್ನಾಗಿ ಬಂದಾಗಲೆಲ್ಲ ಗಾಡಿ ಕಟ್ಟಿಕೊಂಡು ವಿದುರಾಶ್ವತ್ಥಕ್ಕೋ ನಂದಿಗೋ ಹೋಗಿ, ದಾರಿಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿ ಉಂಡು, ಗಾಡಿಯಲ್ಲೇ ಮಲಗಿ ಬರುವುದು ನಮ್ಮ ಪದ್ಧತಿ. ಒಳಗೆ ದಪ್ಪಗೆ ಹುಲ್ಲು, ಅದರ ಮೇಲೆ ಹಾಸಿಗೆ, ಹಿಂದೆ ಮುಂದೆ ಪರದೆ. ಮನೆಗಿಂತ ಇದೇ ಸುಖ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಆ ಸಲ ನಂದಿಯಿಂದ ತುಂತುರು ಮಳೆಯಲ್ಲಿ ಬಂದಿಳಿದೆವು. "ಹುಲ್ಲು, ಹಾಸಿಗೆ ತೆಗ್ದು ಹೊರಗೆ ಹಾಕ್ರೀ, ಗಾಳಿ ಆಡ್ಲಿ" ಅಂದಳು ಪುಟ್ಟಮ್ಮ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಎಂದು ವಾದ ಹೂಡಿ, ಎರಡೂ ಪರದೆ ಬಿಗಿದು, ಮೇಲೆ ಟಾರ್ಪಾಲು ಹೊದಿಸಿ, ಹಗ್ಗ ಸುತ್ತಿದೆ. ಒಂದು ಹನಿಯೂ ಒಳಗೆ ಹೋಗಬಾರದು ಎಂಬುದು ನನ್ನ ಹಟ. ಹೋಗಲಿಲ್ಲ, ನಿಜ. ಒಳಗಿದ್ದ ತೇವ ಹೊರಗೂ ಬರಲಿಲ್ಲ. ಮಳೆ ಬಿಟ್ಟ ಮೇಲೆ ಬಿಚ್ಚಿ ನೋಡಿದರೆ ಹಾಸಿಗೆಗೆ ಬಿಳಿ ಗಡ್ಡ ಬಂದಿತ್ತು, ಕಮಾನಿನ ಬಿದಿರೆಲ್ಲ ಹಸಿರಾಗಿತ್ತು. ಇದನ್ನು ತೋರಿಸಲು ದಿಂಬೊಂದನ್ನು ಎತ್ತಿಕೊಂಡು ಮನೆಗೆ ನುಗ್ಗಿದೆ.

ಪುಟ್ಟಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟಳು. "ಅಲ್ಲೇ ನಿಂತ್ಕೊಳ್ಳಿ. ಹುಳ ಈಗ್ತಾನೆ ನಾಲ್ಕನೇ ಜ್ವರ ಬಿಟ್ಟು ಎದ್ದಿವೆ. ಈ ಬೂಷ್ಟು ತಾಕಿ ಸುಣ್ಣಕಟ್ಟು ಬಂದ್ರೆ ಏನ್ ಮಾಡ್ತೀರಾ?"

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸುಣ್ಣಕಟ್ಟು ಬಂದರೆ ಮಾತ್ರ ಹುಳು ಸೀಮೆಸುಣ್ಣದಂತೆ ಬೆಳ್ಳಗೆ ಬಿಗಿದು ಸಾಯುತ್ತದೆ. ಇಡೀ ಬೆಳೆ ತಿಪ್ಪೆ ಸೇರುತ್ತದೆ. ಅಷ್ಟು ದಿನ ಸೊಪ್ಪು ಹೆಚ್ಚಿ ಹೆಚ್ಚಿ ಅವಳ ಬೆರಳು ಕಪ್ಪಾಗಿದ್ದವು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ಬಾವಿ ಹತ್ರ ಸ್ನಾನ ಮಾಡಿ. ಹುಳ ಗೂಡು ಕಟ್ಟೋವರ್ಗೂ ಒಳಗೆ ಬರ್ಬೇಡಿ."

"ಮತ್ತೆ ಮಲಗೋದೆಲ್ಲಿ ಕಣೇ?"

"ಗಾಡಿ ಇದೆಯಲ್ಲ" ಅಂದಳು.

ಪಕ್ಕದ ಮನೆಯ ಮುನಿಶಾಮಪ್ಪ "ಬೇವಿನ ಸೊಪ್ಪಿನ ಹೊಗೆ ಹಾಕಿ" ಅಂದ. ಹುಳಕ್ಕೆ ಹೊಗೆ ಆಗದು ಎಂದು ಒಳಗಿನಿಂದ ಉತ್ತರ ಬಂತು. ಹೊಗೆಸೊಪ್ಪಿನ ನೀರು? ಅದರ ಹೆಸರೆತ್ತಿದ್ದಕ್ಕೇ ಬೈಸಿಕೊಂಡೆವು. ಫಿನಾಯಿಲೂ ಬೇಡ. ಬೂಷ್ಟನ್ನು ಕೊಲ್ಲುವುದೆಲ್ಲ ಹುಳುವನ್ನೂ ಕೊಲ್ಲುವಂಥದ್ದೇ. ಕೊನೆಗೆ ನಾವಿಬ್ಬರೂ ಗಾಡಿಯನ್ನು ಗಾಳಿ ಮನೆಯ ಕಡೆ ಬೀಸದ ಹಾಗೆ ಬಾವಿಯ ಆಚೆಗೆ ತಳ್ಳಿದೆವು. ಹುಲ್ಲನ್ನೂ ಹಾಸಿಗೆಯನ್ನೂ ದೂರದ ಗುಂಡಿಯಲ್ಲಿ ಹೂತು, ಬಿದಿರನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ, ಪರದೆ ಕುದಿಸಿ ಬಿಸಿಲಿಗೆ ಹಾಕಿ, ಗಾಡಿಯ ಎರಡೂ ಬಾಯಿ ತೆರೆದಿಟ್ಟೆ. ಅವಳು ಮೊದಲೇ ಹೇಳಿದ್ದೂ ಇದನ್ನೇ.

ಒಣಗಿದ ಗಾಡಿಗೆ ಹೊಸ ಹುಲ್ಲು ಹಾಸಿ ಹತ್ತಿ ಕೂತೆ. ನೋಡಿ, ಎಂಥ ವಾಸ! ಜಗಲಿಯ ಮೇಲೆ ಊಟದ ತಟ್ಟೆ ಬಂದಿರುತ್ತಿತ್ತು. ಸೊಪ್ಪು ತಾ, ನೀರು ಸೇದು ಅನ್ನುವವರಿಲ್ಲ. ನಾನು ಮುಟ್ಟಿದರೆ ಮೈಲಿಗೆಯಲ್ಲವೇ! ದಾರಿಹೋಕರು "ಎಕ್ಕಡಿಕಿ ಪ್ರಯಾಣಂ, ಎಲ್ಲಿಗೆ ಹೊರಟ್ರಿ ಮೇಷ್ಟ್ರೇ? ಎತ್ತೆಲ್ಲಿ?" ಎಂದು ಕೇಳುತ್ತಿದ್ದರು. ನಾನು ಎಲೆಅಡಿಕೆ ಮೆಲ್ಲುತ್ತ ಕೈಯೆತ್ತುತ್ತಿದ್ದೆ. ಹುಳುಗಳು ಒಂದೂ ಕೆಡದೆ ಗೂಡು ಕಟ್ಟಿದವು. ನನ್ನನ್ನು ಒಳಗೆ ಕರೆದಾಗ ಸಂತೋಷಪಟ್ಟಂತೆ ಮುಖ ಮಾಡಿಕೊಳ್ಳಬೇಕಾಯಿತು.

ಮರುವರ್ಷ ಮಳೆಗಾಲದಲ್ಲಿ ಗಾಡಿಗೆ ಗಾಳಿ ಆಡಲು ಬಿಟ್ಟಿದ್ದೆ. ಹುಳು ನಾಲ್ಕನೇ ಜ್ವರ ಬಿಟ್ಟೆದ್ದ ದಿನ ಹೋಗಿ ಮೂಲೆಮೂಲೆ ತಡವಿದೆ. ಬೂಷ್ಟಿನ ಸುಳಿವೂ ಇಲ್ಲ. ಮನಸ್ಸು ಪೆಚ್ಚಾಯಿತು.

"ಏನ್ರೀ, ಬೂಷ್ಟು ಬಂದಿದ್ಯಾ?" ಒಳಗಿನಿಂದ ಪುಟ್ಟಮ್ಮ ಕೂಗಿದಳು.

"ಒಂಚೂರು ಬಂದಂಗಿದೆ ಕಣೇ" ಎಂದು ರಾಗ ಎಳೆಯುತ್ತ ಮನೆಯತ್ತ ತಿರುಗಿದೆ. ನನ್ನ ದಿಂಬು, ನೀರಿನ ಚೊಂಬು, ಎಲೆಅಡಿಕೆ ತಟ್ಟೆ ಆಗಲೇ ಜಗಲಿಯ ಮೇಲೆ ಬಂದು ಕೂತಿದ್ದವು.