ಸೈರನ್ ಮಾವನ ಮೇಲೆ ಬಂದ ಪದ

ಬೆಳಿಗ್ಗೆ ಹತ್ತಕ್ಕೆ ಬಿಸ್ಕತ್ತು ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಒಂದು ಇಂಗ್ಲಿಷ್ ಕಾಗದ ಅಂಟಿತು. ಹತ್ತೂಕಾಲಿಗೆ ಸೈರನ್ ಮಾವ ಅದರ ಮುಂದೆ ನಿಂತು ಬೆವರತೊಡಗಿದರು.

ಇಪ್ಪತ್ತೆರಡು ವರ್ಷ ಸೈರನ್ ಕೂಗಿಸಿ ಕೂಗಿಸಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದಬಲ್ಲರು. ಮುಖ್ಯ ಕಚೇರಿಯಿಂದ ಬಂದ ಆ ಎರಡು ಸಾಲಿನಲ್ಲಿ "ಲೇಟ್" ಅಂತಿತ್ತು, "ಸೈರನ್ ಆಪರೇಟರ್" ಅಂತಿತ್ತು. ನಡುವೆ "ಅಟ್ರಿಬ್ಯೂಟೆಡ್" ಎಂಬ ಪದ ಗೂಡ್ಸ್ ರೈಲಿನಂತೆ ಅಡ್ಡ ನಿಂತಿತ್ತು.

ಅವರು ಬೆವರಲು ಕಾರಣವಿತ್ತು. ಸೈರನ್ ಕೂಗಿದರೆ ಗೇಟು ತೆರೆಯುತ್ತದೆ, ಐದೇ ನಿಮಿಷಕ್ಕೆ ಮುಚ್ಚುತ್ತದೆ. ಹೋದ ವರ್ಷ ಪ್ಯಾಕಿಂಗ್ ವಿಭಾಗದಲ್ಲಿರುವ ಅವರ ಹೆಂಡತಿ ಮಂಡಿನೋವಿನಿಂದ ಕುಂಟುತ್ತಾ ಬಂದು, ಎರಡು ಸಲ ಮುಚ್ಚಿದ ಗೇಟು ನೋಡಿ ಮನೆಗೆ ವಾಪಸ್ಸಾಗಿದ್ದಳು. ಮರುದಿನದಿಂದಲೇ ಮಾವ ಎಂಟು ಗಂಟೆಯ ಸೈರನ್ನನ್ನು ಎಂಟಾಗಿ ಮೂರು ನಿಮಿಷಕ್ಕೆ ಕೂಗಿಸತೊಡಗಿದರು. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಊರಿನ ಆ ಬದಿಯ ಗಡಿಯಾರಗಳೆಲ್ಲ ಸೈರನ್ ಕೇಳಿಯೇ ತಮ್ಮನ್ನು ತಿದ್ದಿಕೊಳ್ಳುತ್ತಿದ್ದುದರಿಂದ ಗುಟ್ಟು ಗುಟ್ಟಾಗಿಯೇ ಉಳಿದಿತ್ತು.

ಮ್ಯಾನೇಜರ್ ಮೇಡಂ ಮೀಟಿಂಗಿಗೆ ಹೋಗಿದ್ದರು. ಮಾವ ಸ್ಟೋರ್ ಕೀಪರ್ ಹತ್ತಿರ ಹೋದರು.

"ಅಟ್ರಿಬ್ಯೂಟೆಡ್ ಅಂದ್ರೇನಪ್ಪಾ?"

ಸ್ಟೋರ್ ಕೀಪರ್ ಕನ್ನಡಕ ಮೇಲೇರಿಸಿದ. "ಟ್ರಿಬ್ಯೂಟ್ ಅಂದ್ರೆ ಶ್ರದ್ಧಾಂಜಲಿ ಮಾವ. ಯಾರು ತೀರಿಕೊಂಡ್ರು?"

"ಸೈರನ್ ಆಪರೇಟರ್ ಅಂತ ಬರ್ದಿದೆ."

ಸ್ಟೋರ್ ಕೀಪರ್ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಆರೋಗ್ಯ ಹೇಗಿದೆ?" ಎಂದು ಮೆಲ್ಲಗೆ ಕೇಳಿದ.

ಪಕ್ಕದಲ್ಲಿದ್ದ ಟೈಮ್ ಕೀಪರ್ ನಕ್ಕ. "ಅಯ್ಯೋ, ಅದಲ್ಲ! ನಾನು ಮೊದಲಿದ್ದ ಕಡೆ ಬಾಯ್ಲರ್ ಸಿಡೀತು. 'ಆ್ಯಕ್ಸಿಡೆಂಟ್ ಈಸ್ ಅಟ್ರಿಬ್ಯೂಟೆಡ್ ಟು ಬಾಯ್ಲರ್ ಆಪರೇಟರ್' ಅಂತ ಬರೆದ್ರು. ಅಂದ್ರೆ ಆಗಿದ್ದಕ್ಕೆಲ್ಲ ಅವನೇ ಕಾರಣ ಅಂತ. ಸಂಜೆಗೆ ಅವನ ಕೆಲಸ ಹೋಯ್ತು." ಹೇಳಿ ಮುಗಿಸಿದ ಮೇಲೆ ಅವನಿಗೆ ಎದುರಿಗಿರುವುದು ಯಾರೆಂದು ಹೊಳೆದು, "ಒಳ್ಳೆಯವನಪ್ಪ, ಪಾಪ" ಎಂದು ಸೇರಿಸಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಒಲೆ ಹೊಗೆಯಂತೆ ಎಲ್ಲ ಕಡೆ ತುಂಬಿತು. ಹನ್ನೊಂದು ವರ್ಷದಿಂದ ನೀರು ಚಹಾ ಕೊಡುತ್ತಿದ್ದ ಕ್ಯಾಂಟೀನ್ ಅಕ್ಕ ಗಟ್ಟಿ ಹಾಲಿನ ಚಹಾ ಕೊಟ್ಟು, "ಕುಡೀರಿ ಮಾವ, ಇನ್ನು ಎಷ್ಟು ದಿನವೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಚಹಾ ಕಂಡ ಮೇಲೆ ಮಾವನಿಗೆ ಉಳಿದಿದ್ದ ಆಸೆಯೂ ಹೋಯಿತು.

ಮೂರಕ್ಕೆ ಮೇಡಂ ಬಂದರು. ಮಾವ ಕೂರಲೂ ಇಲ್ಲ.

"ಮೇಡಂ, ತಪ್ಪಾಯ್ತು. ಒಂದು ವರ್ಷದಿಂದ ಮೂರು ನಿಮಿಷ ತಡವಾಗಿ ಕೂಗಿಸ್ತಿದೀನಿ. ಹೆಂಡ್ತಿಗೆ ಮಂಡಿನೋವು. ಅವಳಿಗೆ ಏನೂ ಗೊತ್ತಿಲ್ಲ. ಏನು ಮಾಡಿದ್ರೂ ನನಗೆ ಮಾಡಿ."

ಮೇಡಂ ಬ್ಯಾಗು ಮೇಜಿನ ಮೇಲಿಟ್ಟರು. "ಯಾಕ್ರೀ ಇದನ್ನೆಲ್ಲ ಈಗ ಹೇಳ್ತಿದೀರ?"

"ಬೋರ್ಡಲ್ಲಿ ಅಟ್ರಿಬ್ಯೂಟೆಡ್ ಅಂತ ಹಾಕಿದಾರಲ್ಲ."

ಮೇಡಂ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ ದೇವರೇ. ಆ ಪದ ಒಳ್ಳೇದಕ್ಕೂ ಬಳಸ್ತಾರೆ, ಕೆಟ್ಟದ್ದಕ್ಕೂ ಬಳಸ್ತಾರೆ. ಇದು ಇವರಿಂದ ಆಯ್ತು ಅನ್ನೋಕೆ. ಏನಾಯ್ತು ಅನ್ನೋದನ್ನ ಮುಂಚೆ ನೋಡ್ಬೇಕು. 'ಈ ವರ್ಷ ಒಬ್ಬರೂ ಲೇಟಾಗಿ ಬಂದಿಲ್ಲ, ಅದಕ್ಕೆ ಸೈರನ್ ಆಪರೇಟರ್ ಶಿಸ್ತೇ ಕಾರಣ' ಅಂತ ಬರೆದಿದಾರೆ. ನಿಮಗೆ ಬಹುಮಾನ ಕೊಡೋರಿದ್ರು!"

ಮಾವ ನಿಧಾನವಾಗಿ ಕುರ್ಚಿ ಹುಡುಕಿಕೊಂಡು ಕೂತರು.

ಮೇಡಂ ಕಿಟಕಿಯಾಚೆ ನೋಡುತ್ತ, "ನಾನೂ ಒಂದು ದಿನಾನೂ ಲೇಟಾಗಿಲ್ಲ. ಹೊಸ ಸ್ಕೂಟರಿನಿಂದ ಅಂದ್ಕೊಂಡಿದ್ದೆ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಕೇಳಿಸ್ಕೊಂಡ ಮೇಲೆ ಬಹುಮಾನ ಕೊಡೋಕಾಗಲ್ಲ. ಶಿಕ್ಷೆ ಕೊಡೋಕೆ ಮನಸ್ಸಿಲ್ಲ. ನಾಳೆಯಿಂದ ಎಂಟು ಅಂದ್ರೆ ಎಂಟು. ಹೋಗಿ."

ಬಹುಮಾನ ಹೋದರೆ ಹೋಗಲಿ, ಹೆಂಡತಿಗಾದರೂ ತನ್ನ ಪ್ರೀತಿ ತಿಳಿಯಲಿ ಎಂದು ದಾರಿಯುದ್ದಕ್ಕೂ ಮಾವ ಮಾತು ಜೋಡಿಸಿಕೊಂಡರು. ಮನೆ ಸೇರಿದಾಗ ಅವಳು ಮಂಚದ ಮೇಲೆ ಕಾಲು ಚಾಚಿ ಮಂಡಿ ನೀವಿಕೊಳ್ಳುತ್ತಿದ್ದಳು. ಎಲ್ಲವನ್ನೂ ಹೇಳಿ, ಅವಳ ಕಣ್ಣು ತುಂಬುವುದನ್ನು ಕಾಯುತ್ತ ನಿಂತರು.

"ದಿನಾ ಮೂರು ನಿಮಿಷಾನಾ?"

"ದಿನಾ. ನಿನಗೋಸ್ಕರ ಕಣೆ."

"ರೀ, ಗೇಟು ಮುಚ್ಚಿಸ್ಕೊಂಡ ಮರುದಿನದಿಂದ ನಾನು ಅರ್ಧ ಗಂಟೆ ಮುಂಚೆ ಮನೆ ಬಿಡ್ತಿದೀನಿ. ನಿಮಗೆ ಹೇಳಿದ್ರೆ ಕೊರಗ್ತೀರ ಅಂತ ಹೇಳಿರಲಿಲ್ಲ. ರೇಡಿಯೋ ಟೈಮಿಗೆ ಇಟ್ಟ ವಾಚಲ್ಲಿ ಎಂಟಕ್ಕೆ ಸರಿಯಾಗಿ ಗೇಟು ಮುಟ್ತೀನಿ. ಆ ಹಾಳು ಸೈರನ್ ಮಾತ್ರ ಕೂಗಲ್ಲ! ಕೂರೋಕೆ ಒಂದು ಕಲ್ಲೂ ಇಲ್ಲದ ಜಾಗದಲ್ಲಿ ಒಂಟಿ ಕಾಲಲ್ಲಿ ನಿಂತು ನಿಂತು ಈ ಮಂಡಿ ಹೀಗಾಗಿದೆ. ಸೈರನ್ನಿನವನಿಗೆ ದಿನಾ ಬೈಕೊಂಡೇ ಒಳಗೆ ಹೋಗ್ತಿದ್ದೆ."

"ಸೈರನ್ನಿನವನು ನಾನೇ ಅಲ್ವೇನೇ?"

"ಗೊತ್ತಿದ್ದೇ ಬೈತಿದ್ದೆ. ಮನೆಗೆ ಬಂದ್ಮೇಲೆ ನಿಮ್ಮ ಮುಖ ನೋಡಿ ಮರೀತಿದ್ದೆ."

ಮಾವ ಒಳಗೆ ಹೋಗಿ ನೀರು ಬಿಸಿಮಾಡಿ, ಬಟ್ಟೆ ಅದ್ದಿ ಹಿಂಡಿ ತಂದು, ನೆಲದ ಮೇಲೆ ಕೂತು ಅವಳ ಮಂಡಿಗೆ ಶಾಖ ಕೊಡತೊಡಗಿದರು.

"ನಾಳೆ ಎಂಟಕ್ಕೇ ಕೂಗಿಸ್ತೀನಿ."

"ಕೂಗಿಸಿ" ಎಂದು ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಈಗ ಇನ್ನೂ ಸ್ವಲ್ಪ ಎಡಕ್ಕೆ ಒತ್ತಿ. ಅವಸರ ಮಾಡ್ಬೇಡಿ."